ಬದುವೋ, ಹೊಂಡವೋ, ಡ್ರಿಪ್ಪೋ: ನಿಮ್ಮ ಹೊಲಕ್ಕೆ ಯಾವ ಯೋಜನೆ ಮೊದಲು?

ಮುಂಗಾರಿಗೆ ಇನ್ನೂ ತಿಂಗಳಿರುವಾಗ ಪಕ್ಕದ ಹೊಲದ ಚಿಕ್ಕಪ್ಪ ಒಂದು ಪ್ಲಾಸ್ಟಿಕ್ ಕವರು ಹಿಡಿದುಕೊಂಡು ಮನೆಗೆ ಬಂದರು. ಒಳಗೆ ಪಹಣಿ, ಆಧಾರ್, ಪಾಸ್‌ಬುಕ್ಕಿನ ಜೆರಾಕ್ಸು, ಎರಡು ಫೋಟೋ. "ಯಾವ ಸ್ಕೀಮಲ್ಲಿ ಸಬ್ಸಿಡಿ ಜಾಸ್ತಿ ಐತೆ ನೋಡಪ್ಪ, ಅದಕ್ಕೇ ಹಾಕಿಬಿಡೋಣ" ಅಂದರು.

ನಾನು ಕೇಳಿದ್ದು ಒಂದೇ. "ಜೋರು ಮಳೆ ಬಂದಾಗ ನಿಮ್ಮ ಹೊಲದ ನೀರು ಯಾವ ಕಡೆಯಿಂದ ಆಚೆ ಹೋಗುತ್ತೆ ಚಿಕ್ಕಪ್ಪ?"

ಅವರು ಯೋಚನೆಯನ್ನೂ ಮಾಡಲಿಲ್ಲ. ಮೂಡಣ ಮೂಲೆ, ಹುಣಸೆಮರದ ಕೆಳಗೆ ಬದು ಒಡೆದಿದೆ, ಅಲ್ಲಿ ಮೊಣಕಾಲುದ್ದ ಕೊರಕಲು ಬಿದ್ದಿದೆ ಅಂದರು. ಪ್ರತಿ ವರ್ಷ ಹಾಕಿದ ಗೊಬ್ಬರವೆಲ್ಲ ಅಲ್ಲಿಂದಲೇ ಹಳ್ಳ ಸೇರುತ್ತದೆ ಅಂತಲೂ ಹೇಳಿದರು. ಹಾಗಿದ್ದ ಮೇಲೆ ಅವರಿಗೆ ಮೊದಲು ಬೇಕಾದದ್ದು ಡ್ರಿಪ್ (ಹನಿ ನೀರಾವರಿ) ಅಲ್ಲ, ಹೊಂಡವೂ ಅಲ್ಲ. ಬದು. ಅದಕ್ಕೆ ಹೋಗಬೇಕಾದ ಬಾಗಿಲೂ ಬೇರೆ.

ನಾನು ತುಮಕೂರು ಜಿಲ್ಲೆಯ ಬಯಲುಸೀಮೆ ಕಡೆಯವನು. ಮನೆಯದು ಮಳೆ ನಂಬಿದ ಹೊಲ. ನಮ್ಮದೇ ಕೆಲಸಕ್ಕೆ ಅಂತ ಕಚೇರಿಗಳಿಗೆ ಓಡಾಡಿ ಕಲಿತದ್ದನ್ನು ಈಗ ಅಕ್ಕಪಕ್ಕದವರಿಗೂ ಹೇಳುತ್ತೇನೆ. ಸರ್ಕಾರದ ಯೋಜನೆಗಳಿಗೆ ಕೊರತೆ ಇಲ್ಲ. ಕೃಷಿ ಇಲಾಖೆ, ತೋಟಗಾರಿಕೆ, ಅರಣ್ಯ, ಪಂಚಾಯಿತಿ, ಜಲಾನಯನ ಅಂತ ಒಬ್ಬೊಬ್ಬರದು ಒಂದೊಂದು. ತೊಂದರೆ ಇರುವುದು ಆರಿಸುವುದರಲ್ಲಿ. ಹೆಚ್ಚಿನವರು ಸಬ್ಸಿಡಿ ಎಷ್ಟು ಪರ್ಸೆಂಟ್ ಅಂತ ನೋಡಿ ಆರಿಸುತ್ತಾರೆ. ನನ್ನ ಪ್ರಕಾರ ಅದು ಕೊನೆಗೆ ನೋಡಬೇಕಾದದ್ದು.

ಮೊದಲು ಒಂದು ಲೆಕ್ಕ ತಲೆಯಲ್ಲಿ ಇರಲಿ. ಒಂದು ಎಕರೆ ಮೇಲೆ ಒಂದು ಸೆಂಟಿಮೀಟರ್ ಮಳೆ ಬಿದ್ದರೆ ಅದು ಸುಮಾರು 40,000 ಲೀಟರ್ ನೀರು. ವರ್ಷಕ್ಕೆ 600 ಮಿಲಿಮೀಟರ್ ಮಳೆ ಅಂದರೆ ಎಕರೆಗೆ 24 ಲಕ್ಷ ಲೀಟರ್. ಇದು ಬರಗಾಲದ ಸೀಮೆಯ ಲೆಕ್ಕ! ಇಷ್ಟು ನೀರು ಪುಕ್ಕಟೆ ಬಂದು ಬೀಳುತ್ತದೆ, ಅದರಲ್ಲಿ ದೊಡ್ಡ ಪಾಲು ಎರಡು ಮೂರು ಜಡಿಮಳೆಯಲ್ಲೇ ಬಂದು ಮಣ್ಣನ್ನೂ ಎತ್ತಿಕೊಂಡು ಹೋಗುತ್ತದೆ. ಯಾವ ಯೋಜನೆ ಆರಿಸಿದರೂ ಕೇಳಬೇಕಾದದ್ದು ಇದು: ಈ 24 ಲಕ್ಷದಲ್ಲಿ ಎಷ್ಟನ್ನು ಇದು ನನ್ನ ಹೊಲದಲ್ಲೇ ಉಳಿಸುತ್ತದೆ?

ಹೊರಡುವ ಮೊದಲು ಕಾಗದ

ಇದನ್ನು ಬೇಗ ಹೇಳಿ ಮುಗಿಸಬೇಕು ಅಂದುಕೊಂಡಿದ್ದೆ, ಆದರೆ ಹೆಚ್ಚು ಜನ ಸೋಲುವುದು ಇಲ್ಲೇ.

ಕರ್ನಾಟಕದಲ್ಲಿ ಈಗ ಕೃಷಿಗೆ ಸೇರಿದ ಬಹುತೇಕ ಎಲ್ಲ ಸೌಲಭ್ಯಕ್ಕೂ ಫ್ರೂಟ್ಸ್ ಅನ್ನುವ ರೈತರ ನೋಂದಣಿ ತಂತ್ರಾಂಶದ ಎಫ್‌ಐಡಿ, ಅಂದರೆ ರೈತರ ಗುರುತಿನ ನಂಬರ್ ಬೇಕು. ಆಧಾರ್, ಬ್ಯಾಂಕ್ ಖಾತೆ, ನಿಮ್ಮ ಹೆಸರಿನ ಸರ್ವೆ ನಂಬರ್‌ಗಳು, ಜಾತಿ ವಿವರ ಎಲ್ಲ ಆ ಒಂದು ನಂಬರಿನಡಿ ಕೂತಿರುತ್ತವೆ. ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಮಾಡಿಸಿಕೊಳ್ಳಬಹುದು. ಎಫ್‌ಐಡಿ ಇದೆ ಅಂತ ಸುಮ್ನೆ ಕೂರಬೇಡಿ. ನಿಮ್ಮ ಎಲ್ಲ ಸರ್ವೆ ನಂಬರ್ ಅದಕ್ಕೆ ಸೇರಿವೆಯಾ ಅಂತ ಒಮ್ಮೆ ತೆರೆಸಿ ನೋಡಿ. ನಾಲ್ಕು ಎಕರೆ ಇದ್ದು ಒಂದೂವರೆ ಮಾತ್ರ ಸೇರಿರುವುದನ್ನು ನಾನೇ ಎಷ್ಟೋ ಸಲ ನೋಡಿದ್ದೇನೆ.

ನಮ್ಮ ಮನೆಯ ಕತೆ ಇನ್ನೂ ಹಿಂದಿನದು. ಜಮೀನು ತಾತನ ಹೆಸರಲ್ಲೇ ಇತ್ತು. ಅವರು ತೀರಿಹೋಗಿ ಎಂಟು ವರ್ಷವಾಗಿತ್ತು, ಉಳುತ್ತಿದ್ದದ್ದು ಅಪ್ಪ. ಹೊಂಡಕ್ಕೆ ಅರ್ಜಿ ಕೊಟ್ಟೆವು. ಒಂದು ಕಚೇರಿಯಲ್ಲಿ ಅರ್ಜಿ ಎರಡು ತಿಂಗಳು ಇಟ್ಟುಕೊಂಡು, ಬಾಯಿಮಾತಲ್ಲಿ ಆಗಲ್ಲ ಅಂದು ವಾಪಸ್ ಕೊಟ್ಟರು. ಯಾಕೆ ಅಂತ ಬರೆದು ಕೊಡಲಿಲ್ಲ. ಆ ವರ್ಷ ಇಷ್ಟು ಜನಕ್ಕೆ ಅಂತ ಇದ್ದ ಟಾರ್ಗೆಟ್ ಅಷ್ಟರಲ್ಲಿ ಮುಗಿದಿತ್ತು. ಆಮೇಲೆ ವಂಶವೃಕ್ಷ ಮಾಡಿಸಿ, ಪೌತಿ ಖಾತೆ ಮಾಡಿಸಿಕೊಂಡೆವು, ಅಂದರೆ ತೀರಿಹೋದವರ ಹೆಸರಲ್ಲಿದ್ದ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸಿದೆವು. ಇಡೀ ಒಂದು ಮಳೆಗಾಲ ಕೈತಪ್ಪಿತು. ನಿಮ್ಮದು ಪೌತಿ ಆಗದ ಜಮೀನಾಗಿದ್ದರೆ ಈ ವರ್ಷದ ಕೆಲಸ ಅದೇ. ಯೋಜನೆ ಮುಂದಿನ ವರ್ಷಕ್ಕಿರಲಿ. ಜಂಟಿ ಖಾತೆಯಾದರೆ ಉಳಿದ ಪಾಲುದಾರರ ಒಪ್ಪಿಗೆ ಪತ್ರ ಮೊದಲೇ ಬರೆಸಿಟ್ಟುಕೊಳ್ಳಿ.

ಅಣ್ಣತಮ್ಮಂದಿರ ಒಪ್ಪಿಗೆ ಕೇಳಲು ಹಬ್ಬದ ಹೊತ್ತು ಒಳ್ಳೆಯದು, ಎಲ್ಲರೂ ಊರಲ್ಲಿರುತ್ತಾರೆ.

ಬದು: ಪಂಚಾಯಿತಿಯ ಬಾಗಿಲು

ಬದು, ಇಂಗುಗುಂಡಿ, ಸಣ್ಣ ಹೊಂಡ, ಬದುವಿನ ಮೇಲೆ ಗಿಡ, ಇವಕ್ಕೆ ನಾನು ಮೊದಲು ತೋರಿಸುವುದು ಗ್ರಾಮ ಪಂಚಾಯಿತಿ. ಅಲ್ಲಿಯ ಉದ್ಯೋಗ ಖಾತ್ರಿ, ಅಂದರೆ ನರೇಗಾ, ಬರೀ ಕೆರೆ ಹೂಳು, ರಸ್ತೆ ಅಷ್ಟೇ ಅಂತ ಇನ್ನೂ ಬಹಳ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಪರಿಶಿಷ್ಟ ಜಾತಿ, ಪಂಗಡದವರು, ಬಿಪಿಎಲ್ ಕುಟುಂಬದವರು, ಮಹಿಳೆಯೇ ಯಜಮಾನಿಯಾಗಿರುವ ಮನೆಯವರು, ಜೊತೆಗೆ ಸಣ್ಣ ಮತ್ತು ಅತಿ ಸಣ್ಣ ರೈತರು, ಅಂದರೆ ಐದು ಎಕರೆ ಒಳಗಿನವರು, ತಮ್ಮ ಸ್ವಂತ ಹೊಲದಲ್ಲೇ ಕೆಲಸ ಮಾಡಿಸಿಕೊಳ್ಳಬಹುದು. ಜಾಬ್ ಕಾರ್ಡ್ ಇರಬೇಕು. ಮನೆಯವರೂ ಆ ಕೆಲಸದಲ್ಲಿ ದುಡಿಯಬೇಕು.

ಇದರ ದೊಡ್ಡ ಗುಣ ಏನು ಗೊತ್ತಾ? ಕೈಯಿಂದ ದುಡ್ಡು ಹಾಕಬೇಕಿಲ್ಲ. ನಿಮ್ಮ ಹೊಲದಲ್ಲಿ ನೀವೇ ಬದು ಹಾಕುತ್ತೀರಿ, ಕೂಲಿ ನಿಮ್ಮ ಖಾತೆಗೇ ಬರುತ್ತದೆ. 2025-26ರಲ್ಲಿ ಕರ್ನಾಟಕದ ಕೂಲಿ ದಿನಕ್ಕೆ 370 ರೂಪಾಯಿ ಇತ್ತು, ಗಂಡಾಳಿಗೂ ಹೆಣ್ಣಾಳಿಗೂ ಒಂದೇ. ಆಗ ಒಂದು ಮನೆಗೆ ಇದ್ದ ನೂರು ದಿನ ಪೂರ್ತಿ ದುಡಿದರೆ 37,000. ಬೇರೆ ಯಾವ ಯೋಜನೆಯೂ ನಿಮ್ಮ ಹೊಲ ರಿಪೇರಿ ಮಾಡಿ ನಿಮಗೇ ಸಂಬಳ ಕೊಡುವುದಿಲ್ಲ.

ಕಷ್ಟವೂ ಇದೆ. ಜೆಸಿಬಿ ಬಿಡುವಂತಿಲ್ಲ, ಹಾರೆ ಗುದ್ದಲಿ ಕೆಲಸ. ಏಪ್ರಿಲ್ ಬಿಸಿಲಲ್ಲಿ ಗಟ್ಟಿ ನೆಲ ಅಗೆಯುವುದು ಹುಡುಗಾಟವಲ್ಲ. ಒಂದು ಹದ ಮಳೆ ಬಿದ್ದ ಮೇಲೆ ಶುರು ಮಾಡಿದರೆ ಅರ್ಧ ಶ್ರಮ ಉಳಿಯುತ್ತದೆ. ಹಾಜರಿಯನ್ನು ಮೊಬೈಲಲ್ಲಿ ಫೋಟೋ ಸಮೇತ ಹಾಕಬೇಕು. ಆ ಕೆಲಸ ಪಂಚಾಯಿತಿಯ ಕ್ರಿಯಾ ಯೋಜನೆಯಲ್ಲಿ ಸೇರಿರಲೇಬೇಕು. ಅದಕ್ಕೆ ಹಿಂದಿನ ವರ್ಷವೇ ಗ್ರಾಮ ಸಭೆಯಲ್ಲಿ ಬರೆಸಬೇಕು. ಅಕ್ಟೋಬರ್ 2ರ ಆಸುಪಾಸಿನಲ್ಲಿ ಮುಂದಿನ ವರ್ಷದ ಬೇಡಿಕೆ ತೆಗೆದುಕೊಳ್ಳಲು ಶುರು ಮಾಡುತ್ತಾರೆ. ಆ ಸಭೆಗೆ ಹೋಗದೆ ಮೇ ತಿಂಗಳಲ್ಲಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಮುಂದೆ ನಿಂತರೆ ಅವರಾದರೂ ಏನು ಮಾಡಿಯಾರು?

ಇಲ್ಲೊಂದು ಮುಖ್ಯ ವಿಷಯ. 2005ರ ನರೇಗಾ ಕಾಯ್ದೆಯ ಜಾಗಕ್ಕೆ 2025ರ ಡಿಸೆಂಬರ್‌ನಲ್ಲಿ ಸಂಸತ್ತು ಹೊಸ ಕಾಯ್ದೆ ಒಪ್ಪಿದೆ. ವಿಬಿ-ಜಿ ರಾಮ್ ಜಿ ಅಂತ ಪೇಪರಲ್ಲಿ ಓದಿರುತ್ತೀರಿ. ಅದರಲ್ಲಿ 125 ದಿನ ಎಂದಿದೆ, ನೀರು ಉಳಿಸುವ ಕೆಲಸಕ್ಕೂ ಜಾಗವಿದೆ. ಆದರೆ ಬಿತ್ತನೆ, ಕೊಯ್ಲಿನ ಕಾಲದಲ್ಲಿ ಒಟ್ಟು 60 ದಿನ ಕೆಲಸ ನಿಲ್ಲಿಸಬಹುದು ಅಂತಲೂ ಇದೆ. ಹಾಗಾಗಿ ಪಂಚಾಯಿತಿಗೆ ಹೋದಾಗ ಎರಡು ಮಾತು ತಪ್ಪದೆ ಕೇಳಿ: ನನ್ನ ಕೆಲಸ ಈಗ ಯಾವ ಹೆಸರಿನಡಿ ಸೇರಿದೆ, ಯಾವ ತಿಂಗಳಲ್ಲಿ ಕೆಲಸ ಇರುವುದಿಲ್ಲ.

ಬದು ಹಾಕುವಾಗ ಕಣ್ಣಿಟ್ಟು ನೋಡಬೇಕಾದ ಒಂದು ವಿಷಯ ಹೇಳಿಬಿಡುತ್ತೇನೆ. ಬದುವಿಗೆ ಮಣ್ಣು ತೆಗೆದ ಗುಂಡಿ ಮೇಲ್ಗಡೆ, ಅಂದರೆ ನೀರು ಬರುವ ಕಡೆ ಇದ್ದರೆ ನೀರು ಅದರಲ್ಲಿ ನಿಂತು ಇಂಗುತ್ತದೆ. ಬದು ಎಷ್ಟೇ ದಪ್ಪ ಇರಲಿ, ಹೆಚ್ಚಾದ ನೀರು ಹೋಗಲು ಕಲ್ಲು ಜೋಡಿಸಿದ ಒಂದು ತೂಬು ಬಿಡಬೇಕು. ಅದಿಲ್ಲದಿದ್ದರೆ ನೀರು ತನಗೆ ಬೇಕಾದಲ್ಲಿ ಒಡೆದುಕೊಳ್ಳುತ್ತದೆ. ಚಿಕ್ಕಪ್ಪನ ಹುಣಸೆಮರದ ಕೆಳಗೆ ಆದದ್ದು ಅದೇ. ಹಿಂದಿನವರು ಹಾಕಿದ್ದ ಕಲ್ಲು ಯಾರೋ ಮನೆ ಪಾಯಕ್ಕೆ ಎತ್ತಿಕೊಂಡು ಹೋಗಿದ್ದರು.

ಎರೆಭೂಮಿಯವರು ಮಾತ್ರ ಕೆಂಪು ಮಣ್ಣಿನವರನ್ನು ನೋಡಿ ಹಾಗೇ ಮಾಡಬಾರದು. ಎರೆಮಣ್ಣು ಬೇಸಿಗೆಯಲ್ಲಿ ಬಿರಿಯುತ್ತದೆ, ನೀರು ಹಿಡಿದು ನಿಲ್ಲಿಸಿದರೆ ಬೆಳೆಯೂ ಕೊಳೆಯುತ್ತದೆ. ಅಲ್ಲಿ ನೀರನ್ನು ನಿಧಾನಕ್ಕೆ ಹೊರಗೆ ಹರಿಸುವ ಇಳಿಜಾರಿನ ಬದು ಬೇಕು.

ಹೊಂಡ: ಮೂರು ಬಾಗಿಲು, ಮೂರು ಲೆಕ್ಕ

ಕೃಷಿ ಹೊಂಡಕ್ಕೆ ಒಂದಲ್ಲ, ಮೂರು ಕಡೆ ನೆರವಿದೆ. ಒಂದೇ ಸರ್ವೆ ನಂಬರಿನಲ್ಲಿ ಒಂದೇ ಕೆಲಸಕ್ಕೆ ಎರಡು ಕಡೆ ತೆಗೆದುಕೊಳ್ಳಲು ಆಗುವುದಿಲ್ಲ, ಎಫ್‌ಐಡಿಯಲ್ಲಿ ಸಿಕ್ಕಿಬೀಳುತ್ತದೆ. ಆದ್ದರಿಂದ ಮೊದಲೇ ಯೋಚಿಸಿ.

ಮೊದಲನೆಯದು ಕೃಷಿ ಭಾಗ್ಯ. 2014-15ರಲ್ಲಿ ಶುರುವಾಗಿ, ನಡುವೆ ನಿಂತುಹೋಗಿ, 2023-24ರಲ್ಲಿ ಮತ್ತೆ ಬಂತು. ಆಗ 106 ತಾಲ್ಲೂಕಿಗೆ ಕೊಟ್ಟಿದ್ದರು. ಇದು ಬರೀ ಹೊಂಡವಲ್ಲ, ಒಂದು ಪ್ಯಾಕೇಜು. ಕ್ಷೇತ್ರ ಬದು, ಹೊಂಡ, ನೀರು ಇಂಗದಂತೆ ಪಾಲಿಥಿನ್ ಹಾಳೆ, ಸುತ್ತ ತಂತಿ ಬೇಲಿ, ನೀರೆತ್ತಲು ಪಂಪ್‌ಸೆಟ್, ಹಾಯಿಸಲು ಸ್ಪ್ರಿಂಕ್ಲರ್ ಅಥವಾ ಡ್ರಿಪ್. ಸಾಮಾನ್ಯ ವರ್ಗಕ್ಕೆ ಹೊಂಡದ ಮೇಲೆ ಶೇ 80, ಪರಿಶಿಷ್ಟರಿಗೆ ಶೇ 90. ಬೇಲಿಯಂಥ ಕೆಲವು ಬಾಬ್ತಿಗೆ ಅಷ್ಟು ಸಿಗುವುದಿಲ್ಲ. ಜೆಸಿಬಿಯಲ್ಲಿ ತೋಡಿಸಬಹುದು, ಎರಡು ದಿನದಲ್ಲಿ ಕೆಲಸ ಮುಗಿಯುತ್ತದೆ. ಆದರೆ ಮೊದಲು ದುಡ್ಡು ಹಾಕುವವರು ನೀವು. ಸಹಾಯಧನ ಆಮೇಲೆ ಖಾತೆಗೆ.

ಎರಡನೆಯದು ಪಂಚಾಯಿತಿ. ಕೈಯಿಂದ ದುಡ್ಡಿಲ್ಲ, ಆದರೆ ಹೊಂಡ ತೋಡುವುದು ಕೈಯಲ್ಲಿ. ಪಂಪು, ಡ್ರಿಪ್ ಆ ಲೆಕ್ಕದಲ್ಲಿ ಬರುವುದಿಲ್ಲ. ಮೂರನೆಯದು ತೋಟಗಾರಿಕೆ ಇಲಾಖೆ. ಹಣ್ಣು, ತರಕಾರಿ, ಹೂವು ಬೆಳೆಯುವವರ ನೀರು ಸಂಗ್ರಹದ ಹೊಂಡಕ್ಕೆ ಅಲ್ಲಿ ಅರ್ಧದಷ್ಟು ನೆರವಿದೆ. ಈಗಾಗಲೇ ಮಾವು, ದಾಳಿಂಬೆ ತೋಟ ಇದ್ದು ದೊಡ್ಡ ಹೊಂಡವೇ ಬೇಕು ಅನ್ನುವವರಿಗೆ ಅದು ಸರಿಹೊಂದುತ್ತದೆ.

ಇಲ್ಲಿ ಪರ್ಸೆಂಟ್ ಹೇಗೆ ದಾರಿ ತಪ್ಪಿಸುತ್ತದೆ ನೋಡಿ. ಶೇ 80 ಅಂದರೆ ನೀವು ಖರ್ಚು ಮಾಡಿದ್ದರ ಶೇ 80 ಅಲ್ಲ, ಇಲಾಖೆ ಗೊತ್ತುಮಾಡಿದ ದರದ ಶೇ 80. ನಾಲ್ಕು ಅಡಿ ಕೆಳಗೆ ಗಜ್ಜುಗಲ್ಲು ಸಿಕ್ಕಿ ಬ್ರೇಕರ್ ತರಿಸಿದರೆ ಆ ಬಾಡಿಗೆ ನಿಮ್ಮ ಜೇಬಿನದು. ಅದಕ್ಕೆ ಅರ್ಜಿ ಹಾಕುವ ಮುಂಚೆ ಹೊಂಡ ಬರುವ ಜಾಗದಲ್ಲಿ ಹಾರೆ ಹಾಕಿ ನಾಲ್ಕೈದು ಅಡಿ ಗುಂಡಿ ತೆಗೆದು ನೋಡಿ. ಅರ್ಧ ದಿನದ ಕೆಲಸ, ಅಷ್ಟೇ.

ಇನ್ನು ಅಳತೆ. 10 ಮೀಟರ್ ಉದ್ದ, 10 ಅಗಲ, 3 ಆಳದಿಂದ ಹಿಡಿದು 21 ಮೀಟರ್‌ವರೆಗೆ ಅಳತೆಗಳಿವೆ. ಗೋಡೆ ಇಳಿಜಾರಾಗಿ ಬರುವುದರಿಂದ ತಳ ಚಿಕ್ಕದಾಗುತ್ತದೆ. ಒಂದಕ್ಕೆ ಒಂದರ ಇಳಿಜಾರು ಹಿಡಿದರೆ 10 ಮೀಟರಿನ ಹೊಂಡದಲ್ಲಿ ಹಿಡಿಯುವುದು ಸುಮಾರು ಒಂದೂವರೆ ಲಕ್ಷ ಲೀಟರ್. 15 ಮೀಟರಿನದರಲ್ಲಿ ಸುಮಾರು 4.4 ಲಕ್ಷ. 21 ಮೀಟರಿನದರಲ್ಲಿ 9.8 ಲಕ್ಷ. ಒಂದು ಎಕರೆಗೆ ಒಂದು ಇಂಚು ನೀರು ಹಾಯಿಸಲು ಒಂದು ಲಕ್ಷ ಲೀಟರ್ ಬೇಕು. ಅಂದರೆ 15 ಮೀಟರಿನ ಹೊಂಡ ಅಂದರೆ ಒಂದು ಎಕರೆಗೆ ನಾಲ್ಕು ತೇವ, ಆವಿಯಾಗಿ ಹೋದದ್ದನ್ನು ಕಳೆದರೆ ಮೂರು.

ಮೂರೇನಾ ಅನ್ನಬೇಡಿ. ಕಡ್ಲೆಕಾಯಿ ಕಾಯಿ ಕಟ್ಟುವ ಹೊತ್ತಿಗೆ, ರಾಗಿ ತೆನೆ ಒಡೆಯುವ ಹೊತ್ತಿಗೆ ಇಪ್ಪತ್ತು ದಿನ ಮಳೆ ಕೈಕೊಟ್ಟಾಗ ಒಂದು ತೇವ ಸಿಕ್ಕರೂ ಬೆಳೆ ಕೈಗೆ ಬರುತ್ತದೆ. ಹೊಂಡ ಇರುವುದು ಅದಕ್ಕೆ. ಹೊಂಡ ನಂಬಿ ಬೇಸಿಗೆಗೆ ಟೊಮೆಟೊ ನಾಟಿ ಮಾಡಿದವರು ಫೆಬ್ರವರಿಯಲ್ಲಿ ಟ್ಯಾಂಕರ್‌ಗೆ ಫೋನ್ ಮಾಡುತ್ತಾರೆ.

ನಮ್ಮ ಹೊಂಡದಲ್ಲಿ ಆದ ತಪ್ಪು ಹೇಳುತ್ತೇನೆ, ನೀವು ಮಾಡಬೇಡಿ. ನೀರು ಒಳಗೆ ಬರುವ ಕಡೆ ಹೂಳು ನಿಲ್ಲುವ ಗುಂಡಿ ತೆಗೆಸಿರಲಿಲ್ಲ. ಮೊದಲ ಜೋರು ಮಳೆಗೆ ಹೊಂಡ ತುಂಬಿತು, ಮನೆಯವರೆಲ್ಲ ಹೋಗಿ ನೋಡಿದೆವು, ಅಮ್ಮ ಅರಿಶಿನ ಕುಂಕುಮ ಹಾಕಿ ಕೈಮುಗಿದಳು. ನೀರು ಇಳಿದ ಮೇಲೆ ನೋಡಿದರೆ ತಳದಲ್ಲಿ ಒಂದು ಗೇಣು ಕೆಂಪು ಕೆಸರು. ಹಾಳೆ ಮೇಲೆ ಕೂತ ಕೆಸರು ತೆಗೆಯುವುದು ಎಂಥ ಕಷ್ಟ ಗೊತ್ತಾ? ಸಲಿಕೆ ಹಾಕಿದರೆ ಹಾಳೆ ಹರಿಯುತ್ತದೆ. ಅಲ್ಯೂಮಿನಿಯಂ ತಟ್ಟೆಯಲ್ಲಿ, ಕೈಯಲ್ಲಿ ಬಾಚಿ ಬಾಚಿ ಮೇಲೆ ಹಾಕಿದೆವು, ನಾಲ್ಕು ಜನ ಮೂರು ದಿನ. ಈಗ ಬಾಯಿಯ ಹತ್ತಿರ ಆರಡಿ ಉದ್ದದ ಒಂದು ಗುಂಡಿ ಇದೆ, ಕೆಸರು ಅಲ್ಲೇ ಕೂರುತ್ತದೆ, ತಿಳಿನೀರು ಮಾತ್ರ ಒಳಗೆ ಹೋಗುತ್ತದೆ. ವರ್ಷಕ್ಕೊಮ್ಮೆ ಆ ಕೆಸರನ್ನು ತೆಂಗಿನ ಬುಡಕ್ಕೆ ಹಾಕುತ್ತೇವೆ.

ಹಾಳೆ 500 ಮೈಕ್ರಾನಿನದೇ ಇರಲಿ. ಅಂಚನ್ನು ಮೇಲೆ ಕಾಲುವೆ ತೆಗೆದು ಒಳಗೆ ಹೂತು ಮಣ್ಣು ಮುಚ್ಚಬೇಕು, ಬರೀ ಕಲ್ಲು ಹೇರಿದರೆ ಗಾಳಿಗೆ ಎದ್ದು ಬರುತ್ತದೆ. ಒಳ್ಳೆ ಎರೆಭೂಮಿಯಲ್ಲಿ ಎಷ್ಟೋ ಕಡೆ ಹಾಳೆಯೇ ಬೇಡ, ಆ ಮಣ್ಣೇ ನೀರು ಹಿಡಿಯುತ್ತದೆ. ನವಲಗುಂದ, ಅಣ್ಣಿಗೇರಿ ಕಡೆ 100 ಅಡಿ ಉದ್ದ, 100 ಅಡಿ ಅಗಲದ ಹೊಂಡಗಳನ್ನು ಹಾಳೆ ಇಲ್ಲದೆ ಮಾಡಿಕೊಂಡವರಿದ್ದಾರೆ.

ಬೇಲಿ ಬಿಡಲೇಬೇಡಿ. ದುಡ್ಡು ಉಳಿಸಲು ಬಿಡುವಂಥದ್ದಲ್ಲ ಅದು. ಹಾಳೆ ಹಾಸಿದ ಹೊಂಡದ ಗೋಡೆ ಪಾಚಿ ಕಟ್ಟಿ ಜಾರುತ್ತದೆ. ಈಜು ಬರುವವರೂ ಹತ್ತಿ ಬರಲು ಆಗುವುದಿಲ್ಲ. ಮಕ್ಕಳು, ಕರುಗಳು ಬಿದ್ದ ಸುದ್ದಿ ಪ್ರತಿ ವರ್ಷ ಓದುತ್ತೇವೆ ಅಲ್ವಾ? ಬೇಲಿ ಜೊತೆಗೆ ಒಂದು ದಪ್ಪ ಹಗ್ಗವನ್ನು ಗಟ್ಟಿ ಗೂಟಕ್ಕೆ ಕಟ್ಟಿ ಒಳಗೆ ಇಳಿಬಿಡಿ. ಗಂಟು ಹಾಕಿದ ಹಗ್ಗವಾದರೆ ಹಿಡಿದು ಹತ್ತಲು ಸುಲಭ.

ಡ್ರಿಪ್, ಸ್ಪ್ರಿಂಕ್ಲರ್: ನೀರಿದ್ದವರಿಗೆ

ಇದು ನೀರು ಹುಟ್ಟಿಸುವ ಯೋಜನೆ ಅಲ್ಲ, ಇರುವ ನೀರನ್ನು ಎಳೆದು ಎಳೆದು ಬಳಸುವ ಯೋಜನೆ. ಬೋರ್‌ವೆಲ್ಲೋ ಹೊಂಡವೋ ಬಾವಿಯೋ ಇಲ್ಲದವರು ಇದಕ್ಕೆ ಹೋಗಿ ಪ್ರಯೋಜನವಿಲ್ಲ.

ಕೇಂದ್ರದ 'ಪ್ರತಿ ಹನಿಗೆ ಹೆಚ್ಚು ಬೆಳೆ' ಯೋಜನೆಯಡಿ ಸಣ್ಣ ಮತ್ತು ಅತಿ ಸಣ್ಣ ರೈತರಿಗೆ ಶೇ 55, ಉಳಿದವರಿಗೆ ಶೇ 45 ನೆರವಿದೆ. ಕರ್ನಾಟಕ ಸರ್ಕಾರ ತನ್ನ ಪಾಲು ಸೇರಿಸಿ 2 ಹೆಕ್ಟೇರ್‌ವರೆಗೆ ಶೇ 90 ಕೊಡುತ್ತಾ ಬಂದಿದೆ. ತೋಟದ ಬೆಳೆಗೆ ಡ್ರಿಪ್ ಬೇಕಾದರೆ ತೋಟಗಾರಿಕೆ ಇಲಾಖೆ, ರಾಗಿ, ಕಡ್ಲೆಕಾಯಿಗೆ ಸ್ಪ್ರಿಂಕ್ಲರ್ ಬೇಕಾದರೆ ರೈತ ಸಂಪರ್ಕ ಕೇಂದ್ರ. ಒಮ್ಮೆ ತೆಗೆದುಕೊಂಡರೆ ಅದೇ ಜಮೀನಿಗೆ ಏಳು ವರ್ಷ ಮತ್ತೆ ಸಿಗುವುದಿಲ್ಲ. ಆದ್ದರಿಂದ ಅಗ್ಗದ ಪೈಪಿಗೆ ಒಪ್ಪಿಕೊಳ್ಳಬೇಡಿ, ಮೂರನೇ ವರ್ಷಕ್ಕೆ ಇಲಿ ಕಡಿದು, ಬಿಸಿಲಿಗೆ ಸೀಳಿ ಹೋದರೆ ಉಳಿದ ನಾಲ್ಕು ವರ್ಷ ನೀವೇ ಹಾಕಿಕೊಳ್ಳಬೇಕು.

ಶೇ 90 ಇಲಾಖೆಯ ದರದ್ದು ಅನ್ನುವ ಮಾತು ಇಲ್ಲೂ ಉಂಟು. ಡೀಲರ್ ಕೊಟೇಶನ್ ತಂದಾಗ ಒಂದೇ ಪ್ರಶ್ನೆ ಕೇಳಿ: "ಎಲ್ಲ ಸೇರಿ ನನ್ನ ಕೈಯಿಂದ ಎಷ್ಟು?" ಎರಡು ಮೂರು ಕಡೆ ಕೇಳಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಇಲಾಖೆಯಿಂದ ವರ್ಕ್ ಆರ್ಡರ್ (ಕೆಲಸ ಶುರು ಮಾಡಲು ಆದೇಶ) ಬರುವ ಮೊದಲು ಪೈಪು ಹಾಸಿಸಿಕೊಳ್ಳಬೇಡಿ.

ಬದುವಿನ ಮೇಲೆ ಮರ

ನನಗೆ ಬಹಳ ಇಷ್ಟವಾದ, ಜನ ಕಡಿಮೆ ಕೇಳುವ ಯೋಜನೆ ಇದು. ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ, 2011-12ರಿಂದ ಇದೆ. ವಲಯ ಅರಣ್ಯ ಕಚೇರಿಯಲ್ಲಿ ಹೆಸರು ನೋಂದಾಯಿಸಿ, ನರ್ಸರಿಯಿಂದ ಕಡಿಮೆ ಬೆಲೆಗೆ ಸಸಿ ತರುತ್ತೀರಿ. ನೆಟ್ಟ ಸಸಿಯಲ್ಲಿ ಬದುಕಿದ್ದಕ್ಕೆ ಪ್ರೋತ್ಸಾಹಧನ: ಮೊದಲ ವರ್ಷದ ಕೊನೆಗೆ 35 ರೂಪಾಯಿ, ಎರಡನೇ ವರ್ಷ 40, ಮೂರನೇ ವರ್ಷ 50. ಒಟ್ಟು ಗಿಡಕ್ಕೆ 125. ನೂರು ಗಿಡ ಉಳಿಸಿಕೊಂಡರೆ 12,500. ನೀಲಗಿರಿ, ಅಕೇಶಿಯಾ, ಸರ್ವೆ, ಸಿಲ್ವರ್ ಓಕ್, ತೆಂಗು, ಅಡಿಕೆ, ರಬ್ಬರ್ ಇದಕ್ಕೆ ಬರುವುದಿಲ್ಲ.

ಬೇರೆ ಯೋಜನೆಗಳಲ್ಲಿ ಕೆಲಸ ಮಾಡಿದ್ದಕ್ಕೆ ದುಡ್ಡು, ಇಲ್ಲಿ ಬದುಕಿಸಿದ್ದಕ್ಕೆ ದುಡ್ಡು. ಆ ವ್ಯತ್ಯಾಸ ದೊಡ್ಡದು. ನೆಟ್ಟು ಫೋಟೋ ತೆಗೆಸಿ ಬಿಟ್ಟರೆ ಏನೂ ಸಿಗುವುದಿಲ್ಲ. ಹೆಬ್ಬೇವು, ಹೊಂಗೆ, ಬೇವು, ನೇರಳೆ, ಹುಣಸೆ ನಮ್ಮ ಕಡೆ ಹೊಂದುತ್ತವೆ. ಶ್ರೀಗಂಧ ಬೆಳೆದರೆ 2001ರ ಕಾಯ್ದೆ ತಿದ್ದುಪಡಿಯ ನಂತರ ಮರ ಜಮೀನಿನ ಮಾಲೀಕನದೇ, ಆದರೆ ಕಡಿಯಲು ಸಾಗಿಸಲು ಇಲಾಖೆಯ ಒಪ್ಪಿಗೆ ಬೇಕು, ಕಾವಲೂ ಬೇಕು. ಯಾವ ಮರ ಆದರೂ ಮುಂದೆ ಕಡಿಯುವಾಗ ಅನುಮತಿ ಬೇಕಾ ಅಂತ ನೆಡುವಾಗಲೇ ಕೇಳಿಕೊಳ್ಳಿ.

ನೀವು ಅರ್ಜಿ ಹಾಕಲಾಗದ ಯೋಜನೆ

ಜಲಾನಯನ ಯೋಜನೆಗೆ ಒಬ್ಬೊಬ್ಬರೇ ಅರ್ಜಿ ಹಾಕುವಂತಿಲ್ಲ. ಒಂದು ಇಡೀ ಹಳ್ಳದ ಸೀಮೆಯನ್ನು ಆರಿಸಿ, ದಿನ್ನೆಯಿಂದ ಕಣಿವೆಯವರೆಗೆ ಕೆಲಸ ಮಾಡುತ್ತಾರೆ. ವಿಶ್ವ ಬ್ಯಾಂಕ್ ನೆರವಿನ ಸುಜಲ ಯೋಜನೆ 2001ರಿಂದ ಕೋಲಾರ, ತುಮಕೂರು, ಚಿತ್ರದುರ್ಗ, ಹಾವೇರಿ, ಧಾರವಾಡದಲ್ಲಿ ಹೀಗೆ ನಡೆಯಿತು. ನಿಮ್ಮ ಊರು ಈಗಿನ ಜಲಾನಯನ ಪಟ್ಟಿಯಲ್ಲಿದೆಯಾ ಅಂತ ತಾಲ್ಲೂಕಿನ ಕೃಷಿ ಇಲಾಖೆ ಕಚೇರಿಯಲ್ಲಿ ಕೇಳಿ. ಇದ್ದರೆ ನಿಮ್ಮ ಬದು, ಹೊಂಡ, ಹಳ್ಳದ ತಡೆ ಎಲ್ಲ ಅದರಲ್ಲೇ ಬರಬಹುದು, ಬೇರೆ ಕಡೆ ಓಡಾಡುವುದು ತಪ್ಪುತ್ತದೆ. ಊರಿನ ಜಲಾನಯನ ಸಮಿತಿಯ ಸಭೆಗೆ ಹೋಗಿ ನಿಮ್ಮ ಹೊಲದ ಕೊರಕಲು ನಕ್ಷೆಯಲ್ಲಿ ಬರುವಂತೆ ನೋಡಿಕೊಳ್ಳಿ. ಮೇಲಿನ ಹೊಲದವರು ಬದು ಹಾಕದಿದ್ದರೆ ಕೆಳಗಿನವರ ಬದು ನಿಲ್ಲುವುದಿಲ್ಲ, ಆ ಕಷ್ಟಕ್ಕೆ ಇದೊಂದೇ ಮದ್ದು.

ಉಳಿದವನ್ನು ಬೇಗ ಹೇಳುತ್ತೇನೆ. ನವಣೆ, ಸಾಮೆ, ಹಾರಕ, ಕೊರಲೆ ಬೆಳೆಯುವವರಿಗೆ ರೈತ ಸಿರಿಯಲ್ಲಿ ಹೆಕ್ಟೇರಿಗೆ 10,000 ರೂಪಾಯಿ ಕೊಟ್ಟಿದ್ದಾರೆ. ಬೆಳೆ ಸಮೀಕ್ಷೆಯಲ್ಲಿ ಆ ಬೆಳೆ ದಾಖಲಾಗಿರಬೇಕು, ಅದನ್ನು ನಿಮ್ಮ ಮೊಬೈಲಲ್ಲೇ ಮಾಡಬಹುದು. ಸೋಲಾರ್ ಪಂಪಿಗೆ ಕುಸುಮ್ ಬಿ ಯೋಜನೆಯಲ್ಲಿ ಕೇಂದ್ರ ಶೇ 30, ರಾಜ್ಯ ಶೇ 50, ನಿಮ್ಮದು ಶೇ 20. ಗಂಗಾ ಕಲ್ಯಾಣದಲ್ಲಿ ನಿಗಮಗಳ ಮೂಲಕ ಬೋರ್‌ವೆಲ್ ಸಿಗುತ್ತದೆ, ಆದರೆ ಬದು, ಹೊಂಡ ಇಲ್ಲದ ಹೊಲದಲ್ಲಿ ಬೋರ್ ತೆಗೆಸುವುದನ್ನು ನಾನು ಒಪ್ಪುವುದಿಲ್ಲ. ಕೆಳಗೆ ನೀರು ಇಳಿಸದೆ ಮೇಲಕ್ಕೆ ಎಳೆದರೆ ಎಷ್ಟು ವರ್ಷ ಬಂದೀತು? ಮಣ್ಣು ಪರೀಕ್ಷೆ ರೈತ ಸಂಪರ್ಕ ಕೇಂದ್ರದಲ್ಲೇ ಮಾಡಿಸಿ. ಬೆಳೆ ವಿಮೆ ಮುಂಗಾರಿನ ಆಹಾರ ಬೆಳೆಗೆ ಶೇ 2 ಕಂತು, ಆಲಿಕಲ್ಲು, ನೆರೆಯಂಥದ್ದಾದರೆ 72 ಗಂಟೆಯೊಳಗೆ ತಿಳಿಸಬೇಕು. ಇದನ್ನು ಯಾವುದರ ಬದಲಿಗೂ ಅಲ್ಲ, ಎಲ್ಲದರ ಜೊತೆಗೆ ಮಾಡಿಸಿ.

ಹಾಗಾದರೆ ನಿಮಗೆ ಯಾವುದು?

ಎರಡು ಮೂರು ಎಕರೆ ಕೆಂಪು ಮಣ್ಣು, ಬೋರ್ ಇಲ್ಲ, ಕೈಯಲ್ಲಿ ದುಡ್ಡೂ ಇಲ್ಲ, ಮನೆಯಲ್ಲಿ ದುಡಿಯುವ ಎರಡು ಕೈ ಇವೆ ಅನ್ನುವವರು ಪಂಚಾಯಿತಿಗೆ ಹೋಗಿ. ಈ ವರ್ಷ ಬದು, ಮುಂದಿನ ವರ್ಷ ಅದೇ ಬಾಗಿಲಲ್ಲಿ ಹೊಂಡ. ಬದು ಹಾಕಿದ ಮೊದಲ ಮಳೆಗಾಲ ನೀರು ಎಲ್ಲಿ ನಿಲ್ಲುತ್ತದೆ ನೋಡಿಕೊಂಡರೆ ಹೊಂಡದ ಜಾಗವೂ ತಾನಾಗೇ ಗೊತ್ತಾಗುತ್ತದೆ.

ಐದಾರು ಎಕರೆ ಇದೆ, ಸ್ವಲ್ಪ ದುಡ್ಡು ಹೊಂದಿಸಬಲ್ಲೆ, ಮಕ್ಕಳು ಊರಲ್ಲಿಲ್ಲ, ಗುದ್ದಲಿ ಹಿಡಿಯುವವರಿಲ್ಲ ಅನ್ನುವವರಿಗೆ ಕೃಷಿ ಭಾಗ್ಯ. ಸಾಲ ಮಾಡಿ ಮುಂಗಡ ಹಾಕುವುದಾದರೆ ಸಹಾಯಧನ ತಿಂಗಳುಗಟ್ಟಲೆ ತಡವಾದರೂ ಬಡ್ಡಿ ತಡೆಯುತ್ತದಾ ಅಂತ ಲೆಕ್ಕ ಹಾಕಿ. ಬೋರ್ ಇದೆ, ನೀರು ವರ್ಷ ವರ್ಷ ಕಡಿಮೆಯಾಗುತ್ತಿದೆ ಅನ್ನುವವರು ಡ್ರಿಪ್ ಹಾಕಿಸಿ, ಅದೇ ವರ್ಷ ಬೋರಿನ ಸುತ್ತ ಇಂಗುಗುಂಡಿಗೆ ಪಂಚಾಯಿತಿಯಲ್ಲಿ ಬರೆಸಿ. ಇವು ಬೇರೆ ಬೇರೆ ಕೆಲಸ, ಎರಡೂ ಸಿಗುತ್ತವೆ. ಊರು ಬಿಟ್ಟು ಬೆಂಗಳೂರಲ್ಲೋ ಬೇರೆ ದೇಶದಲ್ಲೋ ಇದ್ದು, ಜಮೀನು ಪಾಳು ಬಿದ್ದಿದೆ ಅನ್ನುವವರು ಹೊಂಡಕ್ಕೆ ಕೈ ಹಾಕಬೇಡಿ, ನೋಡಿಕೊಳ್ಳುವವರಿಲ್ಲದ ಹೊಂಡ ಅಪಾಯ. ನಿಮಗೆ ಮರ ಸರಿ, ಮೊದಲೆರಡು ಬೇಸಿಗೆ ನೀರು ಹಾಕಲು ಒಬ್ಬರನ್ನು ಗೊತ್ತುಮಾಡಿಕೊಂಡರೆ ಸಾಕು.

ಎಲ್ಲಿಗೇ ಹೋದರೂ ಅರ್ಜಿಯ ಎರಡು ಪ್ರತಿ ಒಯ್ದು, ಒಂದರ ಮೇಲೆ ಸೀಲು ಹಾಕಿಸಿ ತಾರೀಖು ಬರೆಸಿಕೊಳ್ಳಿ. ಆಗಲ್ಲ ಅಂದರೆ ಯಾಕೆ ಅಂತ ಬರೆದುಕೊಡಿ ಅಂತ ಮರ್ಯಾದೆಯಿಂದಲೇ ಕೇಳಿ. ಏಪ್ರಿಲ್‌ನಲ್ಲಿ ಹೊಸ ವರ್ಷದ ಟಾರ್ಗೆಟ್ ಬರುವ ಹೊತ್ತಿಗೆ ನಿಮ್ಮ ಕಾಗದ ರೆಡಿ ಇರಲಿ. ಕೆಲಸ ಶುರುವಿಗೆ ಮುಂಚೆ, ನಡುವೆ, ಮುಗಿದ ಮೇಲೆ ಒಂದೇ ಜಾಗದಲ್ಲಿ ನಿಂತು ನೀವೂ ಫೋಟೋ ತೆಗೆದಿಟ್ಟುಕೊಳ್ಳಿ.

ಚಿಕ್ಕಪ್ಪ ಅಕ್ಟೋಬರ್‌ನ ಗ್ರಾಮ ಸಭೆಗೆ ಬಂದು ಬದು ಬರೆಸಿದರು. ಸಭೆಗೆ ಅವರು ಬಂದದ್ದು ಅದೇ ಮೊದಲ ಸಲವಂತೆ. ಸದ್ಯಕ್ಕೆ ಒಡೆದ ಜಾಗಕ್ಕೆ ತಮ್ಮ ಕೈಯಿಂದಲೇ ಕಲ್ಲು ಜೋಡಿಸಿದ್ದಾರೆ, ದೊಡ್ಡ ಕಲ್ಲು ಕೆಳಗೆ, ಸಣ್ಣದು ಮೇಲೆ. ಬದು ಮುಗಿದ ಮೇಲೆ ಅದರ ಉದ್ದಕ್ಕೂ ಹೊಂಗೆ ಇಡಬೇಕು ಅಂತ ಇದ್ದಾರೆ. ಗುಂಡಿ ಮೊದಲೇ ತೆಗೆದು ಬಿಸಿಲಿಗೆ ಬಿಡಲು ಹೇಳಿದ್ದೇನೆ, ಸಸಿ ಜೂನ್ ಮಳೆಗೆ ತಂದರಾಯಿತು.